ಹೊರಗಿಡಿ ಎಂದವರೇ ಕಾಯಬೇಕು: ಬಳ್ಳಾರಿಯ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿಯ ಎಲ್ಲಾ ಕಾಲೇಜುಗಳ ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಗಳಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಮತ್ತು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ನಮಸ್ಕಾರ.

ನಾನು ಇದೇ ಊರಿನ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಪರೀಕ್ಷೆ ಡ್ಯೂಟಿ ಮಾಡಿದ್ದೇನೆ, ಹಾಸ್ಟೆಲ್ ಸಮಿತಿಯಲ್ಲಿ ಕೂತಿದ್ದೇನೆ, ಅಳುತ್ತಾ ಸ್ಟಾಫ್ ರೂಮಿಗೆ ಬಂದ ಮಕ್ಕಳಿಗೆ ನೀರು ಕೊಟ್ಟು ಕೂರಿಸಿದ್ದೇನೆ. ಯಾವುದೋ ಒಂದು ಕಾಲೇಜಿನ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಸರ್ಕಾರಿ, ಅನುದಾನಿತ, ಖಾಸಗಿ ಅಂತ ಭೇದವಿಲ್ಲದೆ ಎಲ್ಲಾ ಕಡೆ ನಡೆಯುತ್ತಿರುವ ಮಾತಿದು.

ಕಾಲೇಜಿನಲ್ಲಿ ಏನಾದರೂ ಕಳುವಾದರೆ ನಮ್ಮ ಬಾಯಿಂದ ಬರುವ ಮೊದಲ ಮಾತು, "ಯಾಕಮ್ಮಾ ತಂದೆ? ಜೋಪಾನವಾಗಿ ಇಟ್ಟುಕೊಳ್ಳೋಕೆ ಆಗಲ್ವಾ?" ಎಂದು. ಅಲ್ಲಿಗೆ ವಿಚಾರಣೆ ಮುಗಿಯಿತು. ತಪ್ಪು ಕಳೆದುಕೊಂಡವರದ್ದು ಎಂದಾಯಿತು.

ಆದರೆ ಕಳುವಾಗುವ ಜಾಗಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಪರೀಕ್ಷಾ ಕೊಠಡಿಯ ಹೊರಗಿನ ವರಾಂಡ. ಲೈಬ್ರರಿ ಬಾಗಿಲ ಪಕ್ಕದ ರ‍್ಯಾಕು. ಲ್ಯಾಬಿನ ಹೊರಗಿನ ಬೆಂಚು. ಮೈದಾನದ ಕಟ್ಟೆ. ಎಲ್ಲರೂ ಕ್ಲಾಸಿಗೆ ಹೋದ ಮೇಲೆ ಖಾಲಿ ಬಿದ್ದಿರುವ ಹಾಸ್ಟೆಲ್ ರೂಮು. ಇಲ್ಲೆಲ್ಲಾ ವಸ್ತು ಬಿಟ್ಟು ಬಾ ಎಂದು ಹೇಳಿದವರು ಯಾರು? ನಾವೇ ಅಲ್ವಾ? ಬ್ಯಾಗು ಹೊರಗಿಡಿ, ಫೋನು ಒಳಗೆ ತರಬೇಡಿ, ಕ್ಲಾಸ್ ಟೈಮಲ್ಲಿ ರೂಮಿನಲ್ಲಿ ಇರಬೇಡಿ. ಈ ನಿಯಮಗಳೆಲ್ಲಾ ಸರಿಯೇ, ಅವು ಬೇಕು. ಆದರೆ ಅದೇ ರ‍್ಯಾಕಿನ ಮೇಲೆ "ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ" ಎಂದು ಬೋರ್ಡು ಹಾಕುವುದು ಯಾವ ನ್ಯಾಯ? ಹೊರಗಿಡಿ ಎಂದು ಹೇಳಿದವರು ಅದನ್ನು ಕಾಯಬೇಕು. ನಾನು ನಿಮ್ಮಲ್ಲಿ ಕೇಳುತ್ತಿರುವುದು ಇದೊಂದನ್ನೇ.

ಸೆಮಿಸ್ಟರ್ ಪರೀಕ್ಷೆಯ ಒಂದು ಬೆಳಗ್ಗೆ ವರಾಂಡ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಗೋಡೆಯುದ್ದಕ್ಕೂ ಬ್ಯಾಗುಗಳ ಗುಡ್ಡೆ, ಒಂದರ ಮೇಲೊಂದು. ಬೆಲ್ ಹೊಡೆಯುವವರೆಗೆ ಪುಸ್ತಕ ತಿರುವಿ ಹಾಕುತ್ತಿದ್ದವರು ಕೊನೆ ಕ್ಷಣದಲ್ಲಿ ಫೋನು ಸ್ವಿಚ್ ಆಫ್ ಮಾಡಿ ಬ್ಯಾಗಿಗೆ ತುರುಕಿ ಒಳಗೆ ಓಡುತ್ತಾರೆ. ಕೆಲವರು ಊಟದ ಡಬ್ಬಿಯ ಚೀಲದ ಅಡಿಗೆ ಇಡುತ್ತಾರೆ. ಇನ್ನು ಕೆಲವರು ದುಪಟ್ಟಾದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತಳ್ಳುತ್ತಾರೆ. ಆಮೇಲೆ ಮೂರು ಗಂಟೆ ಆ ವರಾಂಡದಲ್ಲಿ ಯಾರೂ ಇರುವುದಿಲ್ಲ. ನಾವು ಮೇಲ್ವಿಚಾರಕರು ಒಳಗೆ ಇರುತ್ತೇವೆ. ಅಟೆಂಡರ್ ಉತ್ತರ ಪತ್ರಿಕೆ, ದಾರ, ನೀರು ಅಂತ ಓಡಾಡುತ್ತಿರುತ್ತಾನೆ. ಬ್ಯಾಗು ಹೆಗಲಿಗೆ ಹಾಕಿಕೊಂಡ ಹುಡುಗನೊಬ್ಬ ಆ ಗುಡ್ಡೆಯ ಹತ್ತಿರ ಬಗ್ಗಿ ನಿಂತರೆ ಯಾರಿಗೂ ಅನುಮಾನ ಬರುವುದಿಲ್ಲ. ಅವನೂ ವಿದ್ಯಾರ್ಥಿಯೇ ಇರಬೇಕು ಅಂದುಕೊಳ್ಳುತ್ತೇವೆ.

ಹಾಗೆ ಫೋನು ಕಳೆದುಕೊಂಡ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಸಿರುಗುಪ್ಪ ಕಡೆಯ ಹಳ್ಳಿಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಪೇಪರ್ ಮುಗಿಸಿ ಬಂದು ಬ್ಯಾಗು ತೆಗೆದರೆ ಜಿಪ್ಪು ತೆರೆದಿತ್ತು. ನನ್ನ ಫೋನು ಕೊಟ್ಟು ಅಪ್ಪನಿಗೆ ಮಾಡಮ್ಮಾ ಅಂದೆ. ನಂಬರು ಬಾಯಿಗೆ ಬರಲಿಲ್ಲ. ಈಗಿನ ಮಕ್ಕಳಿಗೆ ಯಾರ ನಂಬರೂ ಬಾಯಿಗೆ ಬರುವುದಿಲ್ಲ, ಎಲ್ಲಾ ಫೋನಿನಲ್ಲೇ ಇರುತ್ತದೆ. ಅದಕ್ಕಿಂತ ಅವಳು ಜಾಸ್ತಿ ಅತ್ತಿದ್ದು ಇನ್ನೊಂದಕ್ಕೆ. ಫೋನಿನ ಹಿಂದಿನ ಕವರಿನೊಳಗೆ ಆಧಾರ್ ಕಾರ್ಡು ಇಟ್ಟಿದ್ದಳು, ಜೊತೆಗೆ ಮಡಚಿದ ಒಂದು ನೂರು ರೂಪಾಯಿ ನೋಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ನಿಜ. ಆದರೆ ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸಬೇಕು. ಚೀಟಿಯೂ ಇಲ್ಲ, ದುಡ್ಡೂ ಇಲ್ಲ. ಊರಿಗೆ ಹೋಗುವುದು ಹೇಗೆ?

ಬಸ್ಸಿನ ದುಡ್ಡು ಯಾರಾದರೂ ಕೊಡುತ್ತಾರೆ, ಅದು ದೊಡ್ಡ ಮಾತಲ್ಲ. ಆದರೆ ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ಬರುವುದು ಆ ನಂಬರಿಗೆ. ವಿಶ್ವವಿದ್ಯಾಲಯದ ಕೆಲಸಗಳಿಗೆ ಇರುವ ಯುಯುಸಿಎಂಎಸ್ ಜಾಲತಾಣದಲ್ಲಿ ಪರೀಕ್ಷೆ ಅರ್ಜಿ, ಹಾಲ್ ಟಿಕೆಟ್ಟು, ಫಲಿತಾಂಶ ಎಲ್ಲಾ ಆ ನಂಬರಿನ ಮೇಲೆ. ಬ್ಯಾಂಕ್ ಖಾತೆ ಆ ನಂಬರಿನ ಮೇಲೆ. ಸೆಮಿಸ್ಟರ್ ಪೂರ್ತಿ ಬರೆದ ನೋಟ್ಸಿನ ಫೋಟೋಗಳು ಅದರಲ್ಲಿ. ಮುಂದಿನ ಪೇಪರ್‌ಗೆ ಅವಳ ಓದು ಎಲ್ಲಿಂದ ಬರಬೇಕು? "ಒಂದು ಫೋನು ಹೋಯಿತು" ಎಂದು ನಾವು ಹೇಳುವಾಗ ಇಷ್ಟೆಲ್ಲಾ ಹೋಗಿರುತ್ತದೆ.

ಫೋನು ತರಲೇಬೇಡಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಕಂಪ್ಲಿ, ಕುರುಗೋಡು, ಸಂಡೂರು ಕಡೆಯಿಂದ ಬೆಳಗ್ಗೆ ಹೊರಟು ಕತ್ತಲಾದ ಮೇಲೆ ಮನೆ ಸೇರುವ ಹುಡುಗಿಯ ಕೈಯಲ್ಲಿ ಫೋನು ಇಲ್ಲದಿದ್ದರೆ ಅವಳ ತಾಯಿಗೆ ಜೀವವೇ ಇರುವುದಿಲ್ಲ. ಬಸ್ಸು ಕೆಟ್ಟು ನಿಂತರೆ ಅವಳು ಯಾರಿಗೆ ಹೇಳಬೇಕು?

ಮಾಡಬೇಕಾದದ್ದು ಸರಳವಾಗಿದೆ. ದೊಡ್ಡ ಗುಡಿಗಳ ಮುಂದೆ ಹತ್ತು ವರ್ಷ ಹಳೆಯ ಚಪ್ಪಲಿಗೂ ಟೋಕನ್ ಕೊಟ್ಟು ಇಟ್ಟುಕೊಳ್ಳುತ್ತಾರೆ. ನಾವು ಫೋನಿಗೆ ಅಷ್ಟು ಮಾಡೋಣ. ಪರೀಕ್ಷೆ ದಿನಗಳಲ್ಲಿ ನೆಲಮಹಡಿಯ ಒಂದು ಕೊಠಡಿಯನ್ನು ಇದಕ್ಕೆಂದೇ ಬಿಡಿ. ಒಂದು ಮೇಜು, ಇಬ್ಬರು ಸಿಬ್ಬಂದಿ, ನಂಬರ್ ಹಾಕಿದ ಟೋಕನ್‌ಗಳು. ಪೇಪರ್ ಮುಗಿದಾಗ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಅದೇ ದೊಡ್ಡ ತಲೆನೋವು. ಅದಕ್ಕೆ ಕೊಠಡಿವಾರು ಟ್ರೇ ಮಾಡಿ. ಮಕ್ಕಳು ಫೋನನ್ನು ಕವರಿಗೆ ಹಾಕಿ ರಿಜಿಸ್ಟರ್ ನಂಬರ್ ಬರೆದು ತಮ್ಮ ಕೊಠಡಿಯ ಟ್ರೇಗೆ ಹಾಕಲಿ. ವಾಪಸ್ ಕೊಡುವಾಗ ಹಾಲ್ ಟಿಕೆಟ್ ನೋಡಿ ಕೊಟ್ಟರಾಯಿತು. ಎನ್ನೆಸ್ಸೆಸ್ ಮಕ್ಕಳನ್ನು ಕೇಳಿದರೆ ಪರೀಕ್ಷೆ ಇಲ್ಲದವರು ಖುಷಿಯಿಂದ ಬಂದು ನಿಲ್ಲುತ್ತಾರೆ. ಇದಕ್ಕೆ ಆಗುವ ಖರ್ಚು ಒಂದು ಸೆಮಿನಾರಿನ ಹಾರ, ಶಾಲು, ಬ್ಯಾನರ್‌ಗಿಂತ ಕಮ್ಮಿ.

ಲೈಬ್ರರಿಯ ಕೆಲಸ ಇನ್ನೂ ಸುಲಭ. ಬ್ಯಾಗಿನ ರ‍್ಯಾಕನ್ನು ಬಾಗಿಲ ಹೊರಗಿನಿಂದ ಎತ್ತಿ ಕೌಂಟರ್‌ನಲ್ಲಿ ಕೂತವರ ಕಣ್ಣೆದುರಿಗೆ ಇಡಿ. ಅಷ್ಟೇ.

ಇನ್ನು ಹಾಸ್ಟೆಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಬಳ್ಳಾರಿಯ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗೋಡೆ ಹಗಲೆಲ್ಲಾ ಕಾದು ರಾತ್ರಿಯೆಲ್ಲಾ ಜಳ ಬಿಡುತ್ತದೆ. ಕರೆಂಟ್ ಹೋದರೆ ರೂಮಿನಲ್ಲಿ ಉಸಿರಾಡುವುದೂ ಕಷ್ಟ. ಅಂಥ ರೂಮಿನಲ್ಲಿ ಮೂರ‍್ನಾಲ್ಕು ಮಕ್ಕಳು ಮಲಗುತ್ತಾರೆ. "ರಾತ್ರಿ ಕಿಟಕಿ, ಬಾಗಿಲು ಭದ್ರವಾಗಿ ಹಾಕಿಕೊಳ್ಳಿ" ಎಂದು ನೋಟಿಸ್ ಹಚ್ಚುತ್ತೇವೆ. ಯಾರು ಹಾಕಿಕೊಳ್ಳಲು ಸಾಧ್ಯ? ಹುಡುಗರು ಚಾಪೆ ಹಿಡಿದು ಮಾಳಿಗೆಗೆ ಹೋಗುತ್ತಾರೆ, ರೂಮು ತೆರೆದೇ ಇರುತ್ತದೆ. ಹೆಣ್ಣುಮಕ್ಕಳು ಕಿಟಕಿ ತೆಗೆದು ಮಲಗುತ್ತಾರೆ. ಚಾರ್ಜಿಂಗ್ ಪ್ಲಗ್ಗು ಇರುವುದು ಹೆಚ್ಚಾಗಿ ಕಿಟಕಿಯ ಪಕ್ಕದಲ್ಲೇ. ಫೋನು ಚಾರ್ಜಿಗೆ ಹಾಕಿ ಕಿಟಕಿ ಕಟ್ಟೆ ಮೇಲೆ ಇಡುತ್ತಾರೆ. ಸರಳಿನ ಸಂದಿಯಿಂದ ಒಂದು ಕೈ, ಇಲ್ಲವೆ ಒಂದು ಕೋಲು ಒಳಗೆ ಬಂದರೆ ಸಾಕು.

ಹಾಗಾಗಿ ಮಕ್ಕಳಿಗೆ ಬುದ್ಧಿ ಹೇಳುವ ಬದಲು ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿ. ಗಾಳಿ ಬರುತ್ತದೆ, ಕೈ ಬರುವುದಿಲ್ಲ, ಸೊಳ್ಳೆಯೂ ಬರುವುದಿಲ್ಲ. ಪ್ಲಗ್ ಪಾಯಿಂಟನ್ನು ಒಳಗಿನ ಗೋಡೆಗೆ ಸರಿಸಿ. ಎಲೆಕ್ಟ್ರಿಷಿಯನ್‌ಗೆ ಒಂದೆರಡು ದಿನದ ಕೆಲಸ. ಮಾಳಿಗೆಗೆ ಹೋಗುವ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಗೊತ್ತಿರಲಿ. ಆದರೆ ಒಂದು ಎಚ್ಚರ: ಬೆಂಕಿ ಬಿದ್ದರೆ, ಶಾರ್ಟ್ ಸರ್ಕ್ಯೂಟ್ ಆದರೆ ಮಕ್ಕಳು ಹೊರಗೆ ಓಡಲು ದಾರಿ ಇರಬೇಕು. ಕಳ್ಳರ ಭಯಕ್ಕೆ ಹೊರಗಿನಿಂದ ಬೀಗ ಜಡಿದು ಮಕ್ಕಳನ್ನು ಒಳಗೆ ಕೂಡಿಹಾಕುವುದು ಸುರಕ್ಷತೆಯಲ್ಲ, ಅಪಾಯ.

ರೂಮಿನ ಬಾಗಿಲುಗಳನ್ನು ಹತ್ತಿರ ಹೋಗಿ ನೋಡಿ. ಮಕ್ಕಳು ದುಡ್ಡು ಸೇರಿಸಿ ಒಳ್ಳೆಯ ಬೀಗವನ್ನೇ ತಂದಿರುತ್ತಾರೆ. ಆದರೆ ಚಿಲಕದ ಕೊಂಡಿಯನ್ನು ಹೊರಗಿನಿಂದ ಎರಡು ಸಣ್ಣ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಹಳೆಯ ಮರ, ಸ್ಕ್ರೂ ಸಡಿಲ. ಬೀಗ ಮುರಿಯುವ ಕಷ್ಟವೇ ಕಳ್ಳನಿಗಿಲ್ಲ, ಸ್ಕ್ರೂಡ್ರೈವರ್ ಇದ್ದರೆ ಕೊಂಡಿಯೇ ಕೈಗೆ ಬರುತ್ತದೆ. ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟ್ ತೂರಿಸಿ ಒಳಗಿನಿಂದ ನಟ್ಟು ಬಿಗಿಸಿದರೆ ಈ ದಾರಿ ಮುಚ್ಚುತ್ತದೆ. ರೂಮಿಗೆ ಒಂದೇ ಕೀ ಇದ್ದು ನಾಲ್ಕು ಜನ ಇದ್ದರೆ ಅದು ಬಾಗಿಲ ಚೌಕಟ್ಟಿನ ಮೇಲೋ, ಹೊರಗಿನ ಚಪ್ಪಲಿಯೊಳಗೋ ಇರುತ್ತದೆ. ಕ್ಯಾಂಪಸ್ಸಿಗೆಲ್ಲಾ ಗೊತ್ತಿರುವ ಗುಟ್ಟು ಅದು. ಪ್ರತಿಯೊಬ್ಬರಿಗೂ ಒಂದು ಕೀ ಮಾಡಿಸಿಕೊಡಿ. ಮನೆಯಿಂದ ತಂದ ಟ್ರಂಕಿಗೆ ಕಾಟಿನ ಕಾಲಿಗೆ ಕಟ್ಟಲು ಒಂದು ಸರಪಳಿ ಕೊಡಿ. ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಇರುವ ಮಕ್ಕಳಿಗೆ ಆ ಟ್ರಂಕೇ ಮನೆ. ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪತ್ರ ಎಲ್ಲಾ ಅದರೊಳಗೇ ಇರುತ್ತವೆ.

ಹಗಲು ಹೊತ್ತಿನಲ್ಲಿ ಹಾಸ್ಟೆಲ್‌ಗೆ ಯಾರು ಬರುತ್ತಾರೆ ಎನ್ನುವುದನ್ನೂ ನೋಡಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ಊಟದವರೆಗೆ ಕಟ್ಟಡ ಖಾಲಿ. "ಫ್ರೆಂಡ್‌ನ ನೋಡಬೇಕು", "ಪಾರ್ಸೆಲ್ ಇದೆ" ಎಂದರೆ ಗೇಟಿನಲ್ಲಿ ಬಿಟ್ಟುಬಿಡುತ್ತಾರೆ. ಯಾವ ಫ್ರೆಂಡು, ಯಾವ ರೂಮು ಎಂದು ಒಂದು ಪ್ರಶ್ನೆ ಕೇಳಿದರೆ ಅರ್ಧ ಜನ ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಆ ಪ್ರಶ್ನೆ ಕೇಳುವ ಧೈರ್ಯ ವಾಚ್‌ಮನ್‌ಗೆ ಬರಬೇಕಾದರೆ ಅವನಿಗೆ ನಾವು ಬೆನ್ನು ತಟ್ಟಬೇಕು. ತಿಂಗಳ ಸಂಬಳವನ್ನು ತಡಮಾಡದೆ ಕೊಡಬೇಕು. ರಾತ್ರಿ ಹಗಲು ಒಬ್ಬನೇ ಕಾಯುವಂತೆ ಮಾಡಬಾರದು. ಅವನಿಗೂ ನಿದ್ದೆ ಬರುತ್ತದೆ.

ಈಗ ಮನಸ್ಸಿಗೆ ತುಂಬಾ ನೋವಾಗುವ ವಿಷಯಕ್ಕೆ ಬರುತ್ತೇನೆ.

ಕಳುವಾದ ತಕ್ಷಣ ನಾವು ಕಳ್ಳರನ್ನು ಹುಡುಕುವ ರೀತಿ ಸರಿಯಿಲ್ಲ. ಮೊದಲ ಅನುಮಾನ ರೂಮಿನಲ್ಲಿರುವ ಎಲ್ಲರಿಗಿಂತ ಬಡವನಾದ ಹುಡುಗನ ಮೇಲೆ. ಇಲ್ಲವಾದರೆ ಕಸ ಗುಡಿಸುವ ಆಯಾಳ ಮೇಲೆ. ಎಲ್ಲರೆದುರು ಬ್ಯಾಗು ಸುರಿಸಿ ನೋಡುತ್ತಾರೆ. ದೇವರ ಮುಂದೆ ಪ್ರಮಾಣ ಮಾಡು ಎನ್ನುತ್ತಾರೆ. ಅಂಜನ ನೋಡಿಸೋಣ ಎನ್ನುವವರು ಇವತ್ತಿಗೂ ಇದ್ದಾರೆ, ಅದೂ ವಿಜ್ಞಾನ ಓದುವ ಮಕ್ಕಳ ಹಾಸ್ಟೆಲ್‌ನಲ್ಲಿ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಡವರ ಮಕ್ಕಳು ಏನೂ ಮಾಡದಿದ್ದರೂ ಹೆದರಿ ಹೆಗಲು ಮುಟ್ಟಿಕೊಳ್ಳುತ್ತಾರೆ. ಅವರ ಮುಖದ ಬೆವರು ಸಾಕ್ಷಿಯಲ್ಲ. ಒಮ್ಮೆ ಕಳ್ಳ ಎನ್ನಿಸಿಕೊಂಡ ಹುಡುಗ ಆಮೇಲೆ ಊಟದ ಹಾಲಿನಲ್ಲಿ ಒಬ್ಬನೇ ಕೂರುತ್ತಾನೆ. ಕಳುವಾದ ವಸ್ತು ಇನ್ನೆಲ್ಲೋ ಸಿಕ್ಕರೂ ಅವನ ಮಾನ ವಾಪಸ್ ಬರುವುದಿಲ್ಲ. ಓದು ಬಿಟ್ಟು ಹೋಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಹುಡುಕಾಟ ಪೊಲೀಸರ ಕೆಲಸ. ವಾರ್ಡನ್ ಆಗಲಿ, ಸೀನಿಯರ್‌ಗಳಾಗಲಿ ಯಾರನ್ನೂ ಗುಂಪಿನ ಮುಂದೆ ನಿಲ್ಲಿಸಿ ತಪಾಸಣೆ ಮಾಡಬಾರದು ಎಂದು ಲಿಖಿತವಾಗಿ ಆದೇಶ ಮಾಡಿ.

ಹೆಣ್ಣುಮಕ್ಕಳ ಕಷ್ಟ ಬೇರೆ. ಅವರು ಕಳುವಾದರೂ ಹೇಳುವುದಿಲ್ಲ. ಹೇಳಿದರೆ ಸುದ್ದಿ ಮನೆಗೆ ಹೋಗುತ್ತದೆ. "ಅಲ್ಲಿ ಕಳ್ಳರ ಕಾಟ ಅಂತೆ, ಸಾಕು ಓದಿದ್ದು, ಮನೆಗೆ ಬಾ" ಎಂದು ಅಪ್ಪ ಬಂದು ಟ್ರಂಕು ಎತ್ತಿಕೊಂಡು ಹೋಗುತ್ತಾರೆ ಎನ್ನುವ ಹೆದರಿಕೆ. ನಮ್ಮ ಕಡೆ ಮನೆಯಲ್ಲಿ ಮೊದಲ ಸಲ ಡಿಗ್ರಿ ಮೆಟ್ಟಿಲು ಹತ್ತಿದ ಹುಡುಗಿಯರು ಎಷ್ಟೋ ಜನ. ಅವರ ಓದು ತುಂಬಾ ತೆಳುವಾದ ನಂಬಿಕೆಯ ಮೇಲೆ ನಿಂತಿರುತ್ತದೆ. ರಾತ್ರಿ ಕಿಟಕಿಯಲ್ಲಿ ಯಾರದೋ ನೆರಳು ಕಂಡರೂ ಸುಮ್ನೆ ಇರುತ್ತಾರೆ. ಫೋನಿಗಾಗಿ ಬಂದವನೋ, ಬೇರೆ ಉದ್ದೇಶಕ್ಕೆ ಬಂದವನೋ ಯಾರಿಗೆ ಗೊತ್ತು? ಅವರು ಹೆದರದೆ ಹೇಳಲು ಒಬ್ಬ ಮೇಡಂ ಇರಬೇಕು. ಆ ಮೇಡಂ ಮೊದಲು ಮನೆಗೆ ಫೋನ್ ಮಾಡಬಾರದು, ಮೊದಲು ಮಾತು ಕೇಳಿಸಿಕೊಳ್ಳಬೇಕು. ಪೋಷಕರಿಗೆ ಹೇಳುವುದಾದರೆ, ಆದದ್ದರ ಜೊತೆಗೆ ಕಾಲೇಜು ಏನು ಕ್ರಮ ತೆಗೆದುಕೊಂಡಿದೆ ಎನ್ನುವುದನ್ನೂ ಹೇಳಬೇಕು.

ಕಾಲೇಜಿನ ಹೆಸರು ಕೆಡುತ್ತದೆ ಎಂದು ನಾವು ಕಳುವನ್ನು ಮುಚ್ಚಿಡುತ್ತೇವೆ. ಅಡ್ಮಿಷನ್ ಟೈಮಿನಲ್ಲಂತೂ ಕೇಳುವುದೇ ಬೇಡ. ಮುಚ್ಚಿಟ್ಟದ್ದರಿಂದ ಲಾಭ ಆಗುವುದು ಕಳ್ಳನಿಗೆ ಮಾತ್ರ. ಒಂದು ರಿಜಿಸ್ಟರ್ ಇಡಿ. ಏನು ಹೋಯಿತು, ಎಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಬಕೆಟ್ಟು, ಚಪ್ಪಲಿ, ಕ್ಯಾಲ್ಕುಲೇಟರ್ ಹೋದರೂ ಬರೆಯಿರಿ. ಮೂರು ತಿಂಗಳು ಬರೆದರೆ ಯಾವ ಮೂಲೆ, ಯಾವ ಹೊತ್ತು ಎನ್ನುವುದು ತಾನಾಗಿ ಕಾಣುತ್ತದೆ.

ಸಣ್ಣ ವಸ್ತುಗಳನ್ನು ನಾವೇ ಬರೆದಿಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2024ರ ಜುಲೈ 1ರಿಂದ ಕಾನೂನು ಬದಲಾಗಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಆದರೆ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಮ್ಮಿ ಇದ್ದು, ಅಪರಾಧಿಗೆ ಅದು ಮೊದಲ ಸಲವಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಅಷ್ಟು ಕಮ್ಮಿ ಬೆಲೆಯ ಕಳ್ಳತನ ಈಗ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ವಿದ್ಯಾರ್ಥಿಗಳು ಕಳೆದುಕೊಳ್ಳುವ ವಸ್ತುಗಳಲ್ಲಿ ಎಷ್ಟೋ ಇದರೊಳಗೇ ಬರುತ್ತವೆ. ಫೋನಿನ ಬಿಲ್ಲು ಇಟ್ಟುಕೊಳ್ಳಿ ಎಂದು ಮಕ್ಕಳಿಗೆ ನಾನು ಪದೇ ಪದೇ ಹೇಳುವುದು ಇದಕ್ಕೇ, ಬೆಲೆ ಎಷ್ಟೆಂದು ತೋರಿಸಲು ಅದು ಬೇಕು. ಆದರೆ ವಾಸದ ಕಟ್ಟಡದೊಳಗೆ ನುಗ್ಗಿ ಕದ್ದರೆ ಮಾತು ಬೇರೆ. ಅದು 305ನೇ ಕಲಂಗೆ ಬರುತ್ತದೆ, ಏಳು ವರ್ಷದವರೆಗೆ ಶಿಕ್ಷೆ ಇದೆ. ಹಾಸ್ಟೆಲ್ ರೂಮಿನ ಕಳುವನ್ನು "ಹುಡುಗರ ಗಲಾಟೆ" ಎಂದು ತಳ್ಳಿಹಾಕುವ ಮುನ್ನ ಇದನ್ನು ನೆನಪಿಡಬೇಕು.

ಎಸ್ಪಿ ಸಾಹೇಬರೇ, ಇಲ್ಲಿ ನಿಮ್ಮಲ್ಲೊಂದು ವಿನಂತಿ. ಠಾಣೆಗೆ ಹೋದ ವಿದ್ಯಾರ್ಥಿಗೆ "ಕಳ್ಳತನ ಅಂತ ಯಾಕೆ, ಕಳೆದುಹೋಗಿದೆ ಅಂತ ಬರೆದುಕೊಡು" ಎಂದು ಹೇಳುವುದು ನಿಲ್ಲಲಿ. ಕಳೆದುಹೋದ ವಸ್ತುಗಳ ಬಗ್ಗೆ ಆನ್‌ಲೈನ್‌ನಲ್ಲಿ ತಿಳಿಸುವ ನಿಮ್ಮ ಇಲಾಖೆಯ ಇ-ಲಾಸ್ಟ್ ಸೌಲಭ್ಯ ಒಳ್ಳೆಯದೇ. ಬಸ್ಸಿನಲ್ಲಿ ಬಿಟ್ಟುಬಂದ ಮಾರ್ಕ್ಸ್ ಕಾರ್ಡಿಗೆ, ಬಿದ್ದುಹೋದ ಫೋನಿಗೆ ಅದರಿಂದ ಮನೆಯಲ್ಲೇ ಕೂತು ಸ್ವೀಕೃತಿ ಪಡೆಯಬಹುದು. ಆದರೆ ಕದ್ದದ್ದನ್ನು ಕದ್ದದ್ದು ಎಂದೇ ಬರೆದುಕೊಳ್ಳಬೇಕು. "ಇದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ" ಎಂದು ಇನ್ನೊಂದು ಠಾಣೆಗೆ ಕಳಿಸುವಂತೆಯೂ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧವನ್ನು, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದನ್ನು, ಯಾವ ಠಾಣೆಯಲ್ಲಿ ಬೇಕಾದರೂ ದಾಖಲಿಸಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೇ ಬರೆದು ಕಳಿಸಬಹುದು. ಹತ್ತೊಂಬತ್ತು ವರ್ಷದ ಹುಡುಗಿ ಠಾಣೆಯ ಮೆಟ್ಟಿಲು ಹತ್ತುವುದೇ ದೊಡ್ಡ ಮಾತು. ಅವಳ ಜೊತೆ ಕಾಲೇಜಿನಿಂದ ಒಬ್ಬರು ಹೋಗಬೇಕು. ತಿಂಗಳಿಗೊಮ್ಮೆ ನಿಮ್ಮ ಮಹಿಳಾ ಸಿಬ್ಬಂದಿಯೊಬ್ಬರು ಕಾಲೇಜಿಗೇ ಬಂದು ಒಂದು ಗಂಟೆ ಕೂತರೆ ಎಷ್ಟೋ ದೂರುಗಳು ಅಲ್ಲೇ ಹೊರಗೆ ಬರುತ್ತವೆ.

ಸಿಸಿ ಕ್ಯಾಮೆರಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜನ ಸೇರುವ ಸಂಸ್ಥೆಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು ಎಂದು ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಇದೆ. ಶಿಕ್ಷಣ ಸಂಸ್ಥೆಗಳೂ ಅದರಲ್ಲಿ ಸೇರುತ್ತವೆ. ಯುಜಿಸಿ ಕೂಡ 2015ರಲ್ಲಿ ಕ್ಯಾಂಪಸ್ ಸುರಕ್ಷತೆಗೆ ಮಾರ್ಗಸೂಚಿ ಕೊಟ್ಟಿದೆ. ಕ್ಯಾಮೆರಾಗಳು ನಮ್ಮಲ್ಲೂ ಇವೆ. ಆದರೆ ಪಾಸ್‌ವರ್ಡ್ ಗೊತ್ತಿರುವವನು ಹೊರಗಿನ ಅಂಗಡಿಯವನು. ಅವನು ಬಂದು ನೋಡುವಷ್ಟರಲ್ಲಿ ಹಳೆಯ ದೃಶ್ಯ ಅಳಿಸಿಹೋಗಿರುತ್ತದೆ. ಪರದೆಯ ಮೇಲಿನ ಗಡಿಯಾರ ಎರಡು ಗಂಟೆ ಹಿಂದಿರುತ್ತದೆ. ಗೇಟಿನ ಕ್ಯಾಮೆರಾಕ್ಕೆ ಸಂಜೆ ಬಿಸಿಲು ಹೊಡೆದು ಎಲ್ಲರ ಮುಖವೂ ಬೆಳ್ಳಗೆ ಕಾಣುತ್ತದೆ. ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಇರುವುದನ್ನು ಸರಿಮಾಡಿ. ಕಚೇರಿಯಲ್ಲಿ ಇಬ್ಬರಿಗಾದರೂ ಅದನ್ನು ನಡೆಸಲು ಕಲಿಸಿ. ಹೆಣ್ಣುಮಕ್ಕಳ ರೂಮುಗಳ ಕಡೆಗೆ ಯಾವ ಕ್ಯಾಮೆರಾವೂ ತಿರುಗಿರದ ಹಾಗೆ ನೋಡಿಕೊಳ್ಳಿ.

ಬೈಕಿನ ವಿಷಯದಲ್ಲಿ ಪೋಷಕರಿಗೆ ಒಂದು ಮಾತು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. "ಐದು ವರ್ಷ ಇನ್ಶೂರೆನ್ಸ್ ಇದೆ" ಎಂದು ನೀವು ನಿಶ್ಚಿಂತೆಯಿಂದ ಇರುತ್ತೀರಿ. ಥರ್ಡ್ ಪಾರ್ಟಿ ವಿಮೆಯಲ್ಲಿ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ನಿಮ್ಮ ಬೈಕಿನ ಹಾನಿ ಮತ್ತು ಕಳುವಿಗೆ ಬೇರೆ ವಿಮೆ ಬೇಕು. ಶೋರೂಮಿನಲ್ಲಿ ಅದನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ ಕೊಟ್ಟಿರುತ್ತಾರೆ. ಆಮೇಲೆ ನೀವೇ ನವೀಕರಿಸಬೇಕು. ಕ್ಲೇಮ್ ಮಾಡುವಾಗ ಎಫ್ಐಆರ್ ಜೊತೆಗೆ ಎರಡೂ ಕೀ ಕೇಳುತ್ತಾರೆ, ಎರಡನೇ ಕೀಯನ್ನು ಮನೆಯಲ್ಲೇ ಇಡಿ. ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ, ಜೋರಾಗಿ ಒದ್ದರೆ ಹಳೆಯ ಬೈಕುಗಳಲ್ಲಿ ಅದು ಮುರಿಯುತ್ತದೆ. ಚಕ್ರಕ್ಕೊಂದು ಬೀಗ ಹಾಕಿ. ಕಾಲೇಜಿನವರು ಗೇಟಿನ ಹೊರಗೆ ರಸ್ತೆ ಬದಿ ಬೈಕು ನಿಲ್ಲಿಸಲು ಹೇಳುವುದು ಬಿಟ್ಟು ಒಳಗೆ ಜಾಗ ಮಾಡಿಕೊಡಬೇಕು. ಅದೂ ಹೊರಗಿಡಿ ಎನ್ನುವ ಮಾತೇ ಅಲ್ವಾ?

ಪ್ರೀತಿಯ ಮಕ್ಕಳೇ, ಈ ಪತ್ರ ನೀವೂ ಓದುತ್ತೀರಿ ಎಂದು ಗೊತ್ತು. ಈಗಲೇ ಫೋನು ತೆಗೆದು *#06# ಒತ್ತಿ. ನಿಮ್ಮ ಫೋನಿನ ಗುರುತಾದ 15 ಅಂಕಿಯ ಐಎಂಇಐ ನಂಬರ್ ಕಾಣುತ್ತದೆ. ಎರಡು ಸಿಮ್ ಇರುವ ಫೋನಾದರೆ ಎರಡು ನಂಬರ್. ಎರಡನ್ನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಿರಿ, ಅಮ್ಮನಿಗೂ ಕಳಿಸಿ. ಫೋನು ಹೋದರೆ ಮೊದಲು ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ, ಅದೇ ನಂಬರಿನ ಹೊಸ ಸಿಮ್ ಪಡೆಯಿರಿ. ಹೊಸ ಸಿಮ್ಮಿಗೆ ಒಟಿಪಿ ಬರಲು ಒಂದು ದಿನ ಹಿಡಿಯಬಹುದು, ಗಾಬರಿ ಬೇಡ. ಆಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಸಿಇಐಆರ್ ವಿಭಾಗಕ್ಕೆ ಹೋಗಿ ಆ ಐಎಂಇಐ ಬ್ಲಾಕ್ ಮಾಡಿಸಿ. 2023ರ ಮೇ ತಿಂಗಳಿಂದ ಇದು ದೇಶಕ್ಕೆಲ್ಲಾ ಇದೆ. ಬ್ಲಾಕ್ ಆದ ಫೋನಿಗೆ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಬರುವುದಿಲ್ಲ. ಯಾರಾದರೂ ಸಿಮ್ ಹಾಕಿ ನೋಡಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಫೋನು ಸಿಕ್ಕ ಮೇಲೆ ನೀವೇ ಬ್ಲಾಕ್ ತೆಗೆಸಬಹುದು. ಆಧಾರ್ ಕಾರ್ಡನ್ನು ಫೋನಿನ ಕವರಿನಲ್ಲಿ ಇಡಬೇಡಿ. ಮನೆಯವರ ಒಂದು ನಂಬರಾದರೂ ಬಾಯಿಪಾಠ ಇರಲಿ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಹಳೆಯ ಫೋನು ಕೊಳ್ಳಬೇಡಿ, ಅದು ನಿಮ್ಮಂಥ ಇನ್ನೊಬ್ಬರದ್ದೇ ಆಗಿರಬಹುದು. ಭಯ ಅನ್ನಿಸಿದರೆ, ಯಾರಾದರೂ ಹಿಂದೆ ಬಂದರೆ 112 ಒತ್ತಿ. ಕಳ್ಳನನ್ನು ಕಂಡರೂ ಒಬ್ಬರೇ ಬೆನ್ನಟ್ಟಬೇಡಿ. ಫೋನು ಇನ್ನೊಂದು ಬರುತ್ತದೆ.

ಕಾಲೇಜು ಗೇಟಿನಿಂದ ಬಸ್‌ಸ್ಟಾಪ್‌ವರೆಗಿನ ದಾರಿಯ ದೀಪಗಳನ್ನು ಮಹಾನಗರ ಪಾಲಿಕೆಯವರು ಒಮ್ಮೆ ಸಂಜೆ ಏಳಕ್ಕೆ ನಡೆದು ನೋಡಲಿ. ಸಂಜೆ ಕ್ಲಾಸು, ಕಂಪ್ಯೂಟರ್ ತರಬೇತಿ ಮುಗಿಸಿ ಬರುವವರು ಅದೇ ಕತ್ತಲಲ್ಲಿ ನಡೆಯುತ್ತಾರೆ.

ಪ್ರಾಂಶುಪಾಲರೇ, ಮುಂದಿನ ಸೆಮಿಸ್ಟರ್ ಪರೀಕ್ಷೆಗೆ ಇನ್ನೂ ಸಮಯ ಇದೆ. ಜಾಲರಿ, ಕೊಂಡಿ, ದೀಪಗಳಿಗೆ ಬಜೆಟ್ ಬೇಕು, ಮೀಟಿಂಗ್ ಆಗಬೇಕು, ಗೊತ್ತು. ಟೋಕನ್ ಕೊಠಡಿಗೆ ಅದ್ಯಾವುದೂ ಬೇಡ. ವೇಳಾಪಟ್ಟಿ ಹಚ್ಚುವ ನೋಟಿಸ್ ಬೋರ್ಡಿನಲ್ಲೇ "ಫೋನ್ ಮತ್ತು ಬ್ಯಾಗುಗಳನ್ನು ಕೊಠಡಿ ಸಂಖ್ಯೆ ಇಂಥದ್ದರಲ್ಲಿ ಕೊಟ್ಟು ಟೋಕನ್ ಪಡೆಯಿರಿ" ಎಂದು ಒಂದು ಸಾಲು ಸೇರಿಸಿ. ರ‍್ಯಾಕಿನ ಮೇಲಿನ "ಜವಾಬ್ದಾರರಲ್ಲ" ಬೋರ್ಡನ್ನು ಅದೇ ದಿನ ಕೆಳಗಿಳಿಸಿ. ನಮ್ಮ ಕಾಲೇಜಿನಲ್ಲಿ ಮೊದಲ ಪೇಪರಿನ ದಿನ ಆ ಮೇಜಿನ ಹಿಂದೆ ಕೂರಲು ನಾನು ತಯಾರಿದ್ದೇನೆ. ಬೇರೆ ಕಾಲೇಜಿನವರು ಹೇಗೆ ಮಾಡುವುದು ಎಂದು ಬಂದು ನೋಡಬೇಕೆಂದರೆ ಬೆಳಗ್ಗೆ ಒಂಬತ್ತಕ್ಕೇ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಉಪನ್ಯಾಸಕಿ